ಯೋಗದ ಮೇಷ್ಟ್ರ ಹರಿದ ಪ್ಯಾಂಟು

ಟೈಲರ್: ನನ್ನ ಹೊಲಿಗೆ ಮೇಲೆ ತಪ್ಪು ಹೊರಿಸ್ಬೇಡಿ ಮೇಷ್ಟ್ರೇ. ನೂಲು ಗಟ್ಟಿಯಾಗೇ ಇದೆ. ಹರಿದಿರೋದು ಬಟ್ಟೆ.

ಮೇಷ್ಟ್ರು: ಯಾವುದು ಹರಿದ್ರೇನ್ರೀ? ಇವತ್ತು ಬೆಳಿಗ್ಗೆ ಹನ್ನೊಂದು ಜನ ಹೊಸಬರ ಮುಂದೆ ಪರ್ ಅಂತು. ಒಬ್ಬರೂ ನಗಲಿಲ್ಲ. ನಕ್ಕಿದ್ರೆ ಎಷ್ಟೋ ವಾಸಿ ಇತ್ತು.

ಟೈಲರು ಪ್ಯಾಂಟನ್ನು ಬೆಳಕಿಗೆ ಹಿಡಿದು, ತೂತಿನ ಮೂಲಕವೇ ಯೋಗದ ಮೇಷ್ಟ್ರನ್ನು ನೋಡಿದರು. ಹದಿನೈದು ದಿನದಿಂದ ಟೈಲರ ಕತ್ತು ಹಿಡಿದುಕೊಂಡಿದೆ. ಯಾರ ಮುಖ ನೋಡಬೇಕಾದರೂ ಸ್ಟೂಲಿನ ಸಮೇತ ತಿರುಗುತ್ತಾರೆ, ಪಾಪ.

ಟೈಲರ್: ಏನ್ ಮಾಡ್ತಿದ್ರಿ?

ಮೇಷ್ಟ್ರು: ಯೋಗ.

ಟೈಲರ್: ಅಯ್ಯೋ, ಯಾವ ಥರದ್ದು ಅಂತ. ಅದಕ್ಕೆ ತಕ್ಕ ಹಾಗೆ ಹೊಲೀಬೇಕು ನಾನು.

ಮೇಷ್ಟ್ರು: ಹಠಯೋಗ ಅಂತಿದೆ. ಒಂದೊಂದು ಆಸನದಲ್ಲೂ ನಾಲ್ಕೈದು ಉಸಿರಿನಷ್ಟು ಹೊತ್ತು ನಿಧಾನಕ್ಕೆ ಇರೋದು.

ಟೈಲರ್: ಮಂಡಿ ಹತ್ರ ಸವೆಯುತ್ತೆ, ಅಷ್ಟೇ.

ಮೇಷ್ಟ್ರು: ವಿನ್ಯಾಸ ಅಂತ ಇನ್ನೊಂದು. ಉಸಿರಿನ ಜೊತೆಗೇ ಒಂದು ಆಸನದಿಂದ ಇನ್ನೊಂದಕ್ಕೆ, ಎಲ್ಲೂ ನಿಲ್ಲೋ ಹಾಗಿಲ್ಲ.

ಟೈಲರ್: ಅದಕ್ಕೆ ಅಂಗಿ ಕಂಕುಳಲ್ಲಿ ಹೊಲಿಗೆ ಬಿಡುತ್ತೆ.

ಮೇಷ್ಟ್ರು: ಯಿನ್ ಅಂತ ಒಂದಿದೆ. ದಿಂಬಿಗೆ ಒರಗಿಕೊಂಡು ಮೂರ್ನಾಲ್ಕು ನಿಮಿಷ ಅಲ್ಲಾಡದೆ ಬಿದ್ದಿರೋದು.

ಪರದೆಯ ಹಿಂದೆ ಗುಂಡಿ ಹಚ್ಚುತ್ತಿದ್ದ ಟೈಲರ ಹೆಂಡತಿಗೆ ಇದು ಕೇಳಿಸಿತು.

ಹೆಂಡತಿ: ಅದನ್ನ ನಮ್ಮನೆಯವರು ಊಟ ಆದ್ಮೇಲೆ ದಿನಾ ಮಾಡ್ತಾರೆ. ಬಟ್ಟೆಗೇನೂ ಆಗಲ್ಲ, ಇಸ್ತ್ರಿ ಹೋಗುತ್ತೆ.

ಟೈಲರ್: ನೀನು ಸುಮ್ನಿರು. ಮೇಷ್ಟ್ರೇ, ಇದರಲ್ಲಿ ನೀವು ತೋರಿಸಿದ್ದು ಯಾವುದು?

ಮೇಷ್ಟ್ರು ಫ್ಯಾನಿನ ಕಡೆ ಮುಖ ತಿರುಗಿಸಿದರು.

ಮೇಷ್ಟ್ರು: ಒಂದು ಕಾಲು ಮುಂದಕ್ಕೆ ಚಾಚಿ, ಇನ್ನೊಂದು ಹಿಂದಕ್ಕೆ ಚಾಚಿ, ಪೂರ್ತಿ ನೆಲಕ್ಕೆ...

ಟೈಲರ್: ಮೊದಲನೇ ದಿನಾನೇ?

ಮೇಷ್ಟ್ರು: ನೋಡಿದವರಿಗೆ ಹುರುಪು ಬರ್ಲಿ ಅಂತ.

ಟೈಲರ್: ಹೊಲಿಗೆ ಕಲಿಯೋಕೆ ಬಂದವರಿಗೆ ನಾನು ಮೊದಲನೇ ದಿನ ಕೋಟು ತೋರಿಸಲ್ಲ. ಹಳೇ ಬಟ್ಟೆ ಕೊಟ್ಟು, ನೆಟ್ಟಗೆ ಒಂದು ಗೆರೆ ಹೊಲೀರಿ ಸಾಕು ಅಂತೀನಿ.

ಮೇಷ್ಟ್ರು ಬೆಂಚಿನ ಮೇಲೆ ಕುಸಿದು ಕೂತರು.

ಮೇಷ್ಟ್ರು: ನಾಳೆ ಆರು ಗಂಟೆಗೆ ಎರಡನೇ ಕ್ಲಾಸು. ಯಾರೂ ಬರದಿದ್ರೆ ಕ್ಲಾಸ್ ನಡೆಸೋ ಹಾಲನ್ನ ಡ್ಯಾನ್ಸಿನವರಿಗೆ ಕೊಡ್ತಾರಂತೆ. ಭಯ ಆಗ್ತಿದೆ ಕಣ್ರೀ. ನನಗೆ ಬೇರೆ ಕೆಲಸ ಬರಲ್ಲ.

ಟೈಲರ್: ಇರಲಿ, ಈ ಕತ್ತಿಗೇನಾದ್ರೂ ಇದೆಯಾ ನಿಮ್ಮ ಹತ್ರ?

ಮೇಷ್ಟ್ರು: ಬೆನ್ನು ನೆಟ್ಟಗೆ ಮಾಡಿ, ಪಾದ ನೆಲಕ್ಕೆ ಊರಿ. ಉಸಿರು ತಗೊಳ್ತಾ ಭುಜ ಮೇಲಕ್ಕೆ, ಬಿಡ್ತಾ ಕೆಳಕ್ಕೆ. ಹಾಂ, ಇನ್ನೊಂದು ಸಲ. ಈಗ ಮೆಲ್ಲಗೆ ಕತ್ತು ತಿರುಗಿಸಿ. ಎಳೆದ ಹಾಗೆ ಆದಲ್ಲಿಗೆ ನಿಲ್ಲಿಸಿಬಿಡಿ, ಜಿದ್ದು ಬೇಡ.

ಟೈಲರ್: ಇಷ್ಟೇನಾ?

ಮೇಷ್ಟ್ರು: ಹೊಸಬರಿಗೆ ಇಷ್ಟು ಸಾಕು.

ಟೈಲರ್: ಬೆಳಿಗ್ಗೆ ಇದನ್ನೇ ಮಾಡಿಸಿದ್ರೆ ಪ್ಯಾಂಟಾದ್ರೂ ಉಳೀತಿತ್ತು.

ಹೇಳುತ್ತಲೇ ನಾಲ್ಕು ಬೆರಳಿನಷ್ಟು ಕತ್ತು ತಿರುಗಿತು. ಸ್ಟೂಲು ಇದ್ದಲ್ಲೇ ಇತ್ತು.

ಹೆಂಡತಿ: ಅಂತೂ ನನ್ನ ಕಡೆ ನೋಡಿದ್ರಲ್ಲ. ಸಾಕು ಮೇಷ್ಟ್ರನ್ನ ಆಟ ಆಡಿಸಿದ್ದು, ಹೇಳಿಬಿಡಿ.

ಟೈಲರು ಮೇಜಿನ ಕೆಳಗಿನಿಂದ ಒಂದು ಗಂಟು ಎಳೆದು ಬಿಚ್ಚಿದರು. ಬರೀ ಪ್ಯಾಂಟುಗಳು.

ಟೈಲರ್: ನಿಮ್ಮ ಕ್ಲಾಸ್ ಮುಗಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಬಂದು ಕೊಟ್ಟು ಹೋದ್ರು. ಎಲ್ಲರಿಗೂ ಅದೇ ಜಾಗದಲ್ಲಿ ಡಬಲ್ ಹೊಲಿಗೆ ಬೇಕಂತೆ, ನಾಳೆ ಆರರೊಳಗೆ. ಮೇಷ್ಟ್ರಿಗೇ ಹೀಗಾದ್ರೆ ನಮ್ಮ ಗತಿ ಏನು ಅಂತ.

ಮೇಷ್ಟ್ರ ಕಣ್ಣು ಒದ್ದೆಯಾಯಿತು. ನಾಚಿಕೆಯಿಲ್ಲದೆ ಬೆರಳಿಟ್ಟು ಎಣಿಸಿದರು.

ಮೇಷ್ಟ್ರು: ಇದು ಹನ್ನೆರಡಿದೆ.

ಟೈಲರ್: ಒಂದು ನನ್ನದು.

ಮೇಷ್ಟ್ರು: ಮತ್ತೆ ನನ್ನದು?

ಟೈಲರ್: ನಿಮ್ಮದು ನಾಳಿದ್ದು. ನಾಳೆ ಒಂದು ದಿನ ಕೂತ್ಕೊಂಡೇ ಹೇಳ್ಕೊಡಿ.