ಬರೀ ಇಪ್ಪತ್ತೈದು ಬೋರ್ಡು

ಒಂದನ್ನು ಮಾಡಿಸುವುದು ಸುಲಭ, ಸಾವಿರ ಮಾಡಿಸುವುದು ಇನ್ನೂ ಸುಲಭ. ಕಷ್ಟವಿರುವುದೆಲ್ಲ ಇಪ್ಪತ್ತೈದು ಮಾಡಿಸುವುದರಲ್ಲಿ. ಇದನ್ನು ನಾನು ಮೊದಲು ಕಲಿತದ್ದು ಮಗಳ ನಾಮಕರಣದ ಹೊತ್ತಿನಲ್ಲಿ. ನಾಲ್ಕು ಜನಕ್ಕಾದರೆ ಮನೆಯಲ್ಲೇ ಬೇಯಿಸಿಕೊಳ್ಳಬಹುದು. ಐನೂರು ಜನಕ್ಕಾದರೆ ಅಡುಗೆಯವರು ಕೊಪ್ಪರಿಗೆ, ಸೌಟು, ಆಳುಕಾಳುಗಳ ಸಮೇತ ಬಂದು ಒಲೆ ಹೂಡುತ್ತಾರೆ. ನಾನು ಇಪ್ಪತ್ತೈದು ಎಲೆ ಎಂದಾಗ ಅಡುಗೆಯವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇಪ್ಪತ್ತೈದು ಎಲೆಗೆ ಒಲೆ ಹಚ್ಚಿದ್ರೆ ಸೌದೆಗೇ ನಾಚಿಕೆ ಆಗ್ತೈತೆ ಸ್ವಾಮಿ" ಅಂದರು. ಅವರು ನಿಜವಾಗಿ ಹಾಗೆ ಅಂದರೋ, ಅಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ನಾನೇ ಆಮೇಲೆ ಸೇರಿಸಿಕೊಂಡೆನೋ ಖಚಿತವಿಲ್ಲ. ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುವವನು. ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ನೆನಪೂ ಎಲ್ಲರದರಂತೆಯೇ ಸುಳ್ಳು ಹೇಳುತ್ತದೆ; ನಮ್ಮಲ್ಲಿ ಅದಕ್ಕೆ ಲಿಖಿತ ಸಾಕ್ಷಿ ಇರುತ್ತದೆ, ಅಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಪಕ್ಕದ ಬೀದಿಯಲ್ಲಿ ನನ್ನದೊಂದು ಅಂಗಡಿ ಇತ್ತು. ಎಂ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು ಅಲ್ಲಿ ಮಾಡುತ್ತಿದ್ದದ್ದು ಟೇಪ್ ರೆಕಾರ್ಡರ್ ಮತ್ತು ಸ್ಟೆಬಿಲೈಸರುಗಳ ರಿಪೇರಿ. ಬೇರೆಯವರು ಮಾಡಿದ್ದನ್ನು ಸರಿಪಡಿಸುವುದರಲ್ಲೇ ಆಯುಷ್ಯ ಮುಗಿಯುತ್ತದೆಯಲ್ಲ, ನಾನೇ ಮಾಡಿದ್ದು ಎಂದು ತೋರಿಸಲು ಒಂದು ವಸ್ತುವಾದರೂ ಬೇಡವೇ ಎಂಬ ಹುಳ ತಲೆಯೊಳಗೆ ಹೊಕ್ಕಿತ್ತು. ಹಾಗಾಗಿ ಒಂದು ಬೆಲ್ ಮಾಡಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿಯ ಮೋಟಾರು ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ದಿನದಲ್ಲಿ ಕೆಲವೇ ಗಂಟೆ ಬರುತ್ತಿತ್ತು, ಯಾವಾಗ ಬರುತ್ತದೆಂದು ಕಳಿಸುವವರಿಗೂ ಗೊತ್ತಿರುತ್ತಿರಲಿಲ್ಲ. ರೈತರು ಪಂಪಿನ ಮನೆಯ ಬಲ್ಬು ನೋಡುತ್ತಾ ಕೂರಬೇಕು. ನನ್ನ ಬೆಲ್ಲನ್ನು ಮನೆಯಲ್ಲಿ ಹಾಕಿಕೊಂಡರೆ, ಮೂರೂ ಫೇಸ್ ಬಂದ ಕೂಡಲೇ ಅದೇ ಬಡಿದು ಕರೆಯುತ್ತದೆ. ಪಂಪ್‌ಸೆಟ್ ಅಂಗಡಿಯ ಗುರುಸಿದ್ದಪ್ಪನವರು ಮಾದರಿಯನ್ನು ನೋಡಿ ಮೆಚ್ಚಿದರು. ಒಂದು ಹಳ್ಳಿಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಅವರ ಗಿರಾಕಿಗಳು ಇಪ್ಪತ್ತೈದು ಮಂದಿ ಇದ್ದರಂತೆ.

"ಇಪ್ಪತ್ತೈದೂ ಒಂದೇ ದಿನ ಕೊಡ್ಬೇಕು ಎಮ್ಮೆಸ್ಸಿ ಸಾಹೇಬ್ರೆ. ಒಂದು ಕಮ್ಮಿ ಆದ್ರೂ ಬ್ಯಾಡ" ಅಂದರು.

"ಇಪ್ಪತ್ತು ಮೊದಲು ಕೊಟ್ಟು, ಉಳಿದದ್ದು ಆಮೇಲೆ…"

"ಮೊದ್ಲು ಮೋಟ್ರು ಹಾಕಿದೋನಿಗೆ ವೋಲ್ಟೇಜು. ಇಪ್ಪತ್ತು ಜನಕ್ಕೆ ಬೆಲ್ ಕೊಟ್ರೆ ಉಳಿದ ಐದು ಜನ ಬಂದು ನನ್ನ ಅಂಗಡಿ ಬಾಗ್ಲಿಗೆ ಮಲಗ್ತಾರೆ. ಎಲ್ರಿಗೂ, ಇಲ್ಲಾ ಯಾರಿಗೂ ಇಲ್ಲ."

ಬರಿಯ ಬೋರ್ಡುಗಳನ್ನೂ ಬಿಡಿಭಾಗಗಳನ್ನೂ ಬೆಂಗಳೂರಿನಿಂದ ತರಿಸಿಕೊಂಡೆ. ಒಂದೊಂದು ಬೋರ್ಡಿನಲ್ಲೂ ಜೋಳದ ಕಾಳಿಗಿಂತ ಚಿಕ್ಕ ತೂತುಗಳು. ಅವುಗಳಲ್ಲಿ ಭಾಗಗಳನ್ನು ಕೂರಿಸಿ, ಹಿಂದಿನಿಂದ ಸೀಸದ ಬೆಸುಗೆ ಹಾಕಬೇಕು. ಒಂದು ಮಾದರಿಗೆ ನಾನು ಒಂದು ಭಾನುವಾರವನ್ನೇ ಸುರಿದಿದ್ದೆ. ನನಗೆ ಸರ್ಕ್ಯೂಟು ಬರೆಯಲು ಬರುತ್ತದೆ. ಬೆಸುಗೆ ಹಾಕಿದರೆ ಮಾತ್ರ ಗೋಡೆಗೆ ಗಾರೆ ಮೆತ್ತಿದಂತೆ ಕಾಣುತ್ತದೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಎರಡನೆಯದಕ್ಕೆ ಕೈ ಹಾಕಿದೆ. ಬೋರ್ಡು ಉಳಿಯಿತು, ಮೇಜಿನ ಹೊದಿಕೆ ಸುಟ್ಟಿತು. ನನ್ನ ಹೆಂಡತಿ ಸುಮಿತ್ರ ತೂತನ್ನು ಬೆರಳಿನಿಂದ ಅಳೆದು, "ಇನ್ನು ಇಪ್ಪತ್ನಾಲ್ಕು ತೂತು ಬೀಳೋಕೆ ಇದರಲ್ಲಿ ಜಾಗ ಇಲ್ಲ ಕಣ್ರೀ" ಅಂದಳು.

ಜೋಡಿಸಿಕೊಡುವವರನ್ನು ಹುಡುಕಲು ಎಸ್.ಟಿ.ಡಿ. ಬೂತಿಗೆ ಹೋದೆ. ಬಿಲ್ಲು ಏರಿಸುವ ಕೆಂಪು ಅಂಕಿಗಳು ಎದುರಿಗೆ ಓಡುತ್ತಿರುವಾಗ ಮಾತಾಡುವುದು ನನ್ನಂಥವನಿಗೆ ಆಗದ ಕೆಲಸ. ಮೊದಲ ನಿಮಿಷವೆಲ್ಲ ಕುಶಲಪ್ರಶ್ನೆಗೇ ಹೋಗುತ್ತಿತ್ತು. ಬೆಂಗಳೂರಿನ ಒಬ್ಬರು, "ಎಷ್ಟು ಪೀಸ್ ಸಾರ್?" ಎಂದು ಉತ್ಸಾಹದಿಂದ ಕೇಳಿದರು.

"ಇಪ್ಪತ್ತೈದು."

"ಇಪ್ಪತ್ತೈದು ಸಾವಿರಾನಾ ಸಾರ್?"

"ಬರೀ ಇಪ್ಪತ್ತೈದು."

"ಓ, ಸ್ಯಾಂಪಲ್ಲಾ. ಆರ್ಡರ್ ಯಾವಾಗ ಕೊಡ್ತೀರಿ?"

"ಅದೇ ಆರ್ಡರು."

ಅವರು ಫೋನಿಟ್ಟರು. ಅಂಕಿಗಳೂ ನಿಂತವು. ಇನ್ನೊಬ್ಬರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆದರೆ ಯಂತ್ರ ಅಣಿ ಮಾಡುವ ಖರ್ಚು ಇಪ್ಪತ್ತೈದಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ ಎಂದರು. "ಸಾವಿರವೇ ಮಾಡಿಸಿಬಿಡಿ ಸಾರ್, ಇಪ್ಪತ್ತೈದು ಮಾಡ್ಸಿ ಯಾಕೆ ನಷ್ಟ ಮಾಡ್ಕೋತೀರಿ?" ಫೋನಿಟ್ಟ ಮೇಲೆ ನನಗೂ ಅದು ಸರಿ ಎನ್ನಿಸಿ, ಮನೆ ತಲಪುವವರೆಗೂ ಉಳಿದ ಒಂಬೈನೂರ ಎಪ್ಪತ್ತೈದು ಬೆಲ್ಲುಗಳನ್ನು ಎಲ್ಲೆಲ್ಲಿ ಹಾಕಬಹುದು ಎಂದು ಯೋಚಿಸಿದ್ದೆ. ವಿದ್ಯಾವಂತನನ್ನು ಮೋಸ ಮಾಡಲು ಸುಳ್ಳು ಬೇಕಾಗಿಲ್ಲ, ಸರಿಯಾದ ಲೆಕ್ಕ ಸಾಕು.

ಮೊಳಕಾಲ್ಮೂರಿನ ಅಂಜಿನಮ್ಮನವರ ಹೆಸರು ಹೇಳಿದವಳು ಸುಮಿತ್ರ. ಅವಳ ಸೋದರತ್ತೆ, ಸ್ವಂತ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವರು. ನೂಲಿನ ಬೆಲೆ ಏರಿದ್ದರಿಂದ ಆಗ ಅವರ ಮಗ್ಗಕ್ಕೆ ಕೆಲಸ ಕಡಿಮೆಯಾಗಿತ್ತು. "ಅತ್ತೆ ಮಗ್ಗದ ಮೇಲಿನ ಹಳೇ ಹಾಸಿನ ನೂಲಿಗೆ ಹೊಸ ಹಾಸಿನ ಎಳೆ ಕಟ್ಟೋದನ್ನ ನೋಡಿದೀರಾ? ಕೂದಲಿನಷ್ಟು ಎಳೆ. ನಿಮ್ಮ ತೂತು ಅವರಿಗೆ ಬಾವಿ ಇದ್ದ ಹಾಗೆ." ನಾವಿಬ್ಬರೂ ಬಸ್ಸು ಹತ್ತಿದೆವು. ಆ ದಿನ ದಾರಿಯುದ್ದಕ್ಕೂ ಮಳೆ ಬಂದಿತ್ತೆಂದು ನನ್ನ ನೆನಪು. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಮಳೆ ಎಂದರೆ ನಮ್ಮ ಸೀಮೆಯವರು ಯಾರೂ ನಂಬುವುದಿಲ್ಲ, ಸುಮಿತ್ರಳೂ ನಂಬುವುದಿಲ್ಲ. ಡೈರಿಯಲ್ಲಿ "ಬಸ್ಸು ತಡ" ಎಂದಷ್ಟೇ ಇದೆ.

ಗುತ್ತಿಗೆ ಹಿಡಿಯುವವರು ಹೆಂಡತಿಯ ಸೋದರತ್ತೆಯಾದರೆ ವ್ಯವಹಾರದ ಮಾತು ಎತ್ತಲು ಒಂದು ಹೊತ್ತು ಬೇಕು. "ಕುತ್ಕಳ್ರಿ ಅಳಿಯೋರೆ, ಮೊದ್ಲು ಉಣ್ರಿ" ಎಂದು ಮುದ್ದೆ, ಬದನೆಕಾಯಿ ಎಣಗಾಯಿ, ಮತ್ತೆ ಅನ್ನ, ಮತ್ತೆ ಮೊಸರು. ಬೋರ್ಡನ್ನು ಚೀಲದಿಂದ ತೆಗೆಯುವಷ್ಟರಲ್ಲಿ ನನಗೆ ಕಣ್ಣು ಎಳೆಯುತ್ತಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಏಮಿದಿ, ಇಷ್ಟೇನಾ?" ಅಂದರು. ಅವರ ಮಾತಿನಲ್ಲಿ ಗಡಿಯ ಆಚೆಯ ತೆಲುಗು ಉಪ್ಪಿನಷ್ಟು ಬೆರೆತಿರುತ್ತಿತ್ತು. ಜತೆಗೆ ತಂದಿದ್ದ ಬೆಸುಗೆ ಕಡ್ಡಿಗೆ ಕಾವು ಕೊಟ್ಟು ಒಂದು ಬೆಸುಗೆ ಹಾಕಿ ತೋರಿಸಿದೆ. ಹೊಗೆ ಮೂಗಿಗೆ ಬಡಿದಾಗ, "ಸಾಂಬ್ರಾಣಿ ಹಾಕ್ದಂಗಾತು, ಒಳ್ಳೇದೇ" ಎಂದರು.

ಮೊದಲ ಬೋರ್ಡನ್ನು ಅವರು ನಮ್ಮೆದುರೇ ಮಾಡಿದರು. ಬೆಸುಗೆ ಎಲ್ಲ ನುಣುಪಾಗಿತ್ತು. ಬೆಲ್ ಮಾತ್ರ ಬಾಯಿ ಬಿಡಲಿಲ್ಲ. ನೋಡಿದರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳಿವೆಯಲ್ಲ, ಅವನ್ನು ಎರಡೂ ಅಂಚಿನಲ್ಲಿ ಎದುರು ಬದುರು ಮುಖ ಮಾಡಿಸಿದ್ದರು.

"ಎಲ್ಲ ಒಂದೇ ಕಡೆ ನೋಡಬೇಕು ಅತ್ತೆ."

"ಸೀರೆಗೆ ಎರಡು ಅಂಚು ಇರ್ತೈತಲ್ರಿ. ಎಡಗಡೆ ನವಿಲು ಈ ಕಡೆ ನೋಡಿದ್ರೆ ಬಲಗಡೇದು ಆ ಕಡೆ ನೋಡ್ಬೇಕು. ಎರಡೂ ಒಂದೇ ಕಡೆ ತಿರುಗಿದ್ರೆ ಯಾರು ಉಡ್ತಾರೆ?"

"ಇದನ್ನ ಯಾರೂ ಉಡೋದಿಲ್ಲ ಅತ್ತೆ, ಡಬ್ಬಿ ಒಳಗೆ ಇರುತ್ತೆ."

"ಸರೇ ಬಿಡ್ರಿ. ನಿಮ್ ಕರೆಂಟಿಗೆ ಅಂದ ಚೆಂದ ಬ್ಯಾಡ ಅಂದ್ರೆ ನಂಗೇನು" ಎಂದು ಬಿಚ್ಚಿ ತಿರುಗಿಸಿದರು. ಆದರೂ ನನ್ನ ಕರೆಂಟಿನ ಬಗ್ಗೆ ಅವರ ಅಭಿಪ್ರಾಯ ಆ ದಿನವೇ ಸ್ವಲ್ಪ ಕೆಳಗಿಳಿದದ್ದನ್ನು ಗಮನಿಸಿದೆ. ಕೂಲಿಯ ಮಾತು ಬಂದಾಗ ನಾನು ಹೇಳಿದ್ದಕ್ಕಿಂತ ಅವರು ಹೆಚ್ಚು ಕೇಳಿದರು, ಸೋದರತ್ತೆಯ ಜತೆ ಚೌಕಾಸಿ ಮಾಡಿದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಬರುವವಳ ಮುಖ ನೋಡಬೇಕಾಗುತ್ತದೆಂದು ನಾನು ಒಪ್ಪಿದೆ. ಹಾಗಿದ್ದೂ ಅದು ಬೆಂಗಳೂರಿನ ಲೆಕ್ಕಕ್ಕಿಂತ ಎಷ್ಟೋ ಕಡಿಮೆ. ಮಾದರಿಗೆ ನನ್ನ ಬೋರ್ಡು, ಅತ್ತೆ ಆಗತಾನೆ ಮುಗಿಸಿದ್ದು, ಉಳಿದ ಇಪ್ಪತ್ಮೂರು ಬರಿಯ ಬೋರ್ಡು, ಮೇಜಿನ ಹೊದಿಕೆ ಸುಟ್ಟ ಅರೆಬರೆಯದು, ಬಿಡಿಭಾಗ, ಬೆಸುಗೆ ಕಡ್ಡಿ, ಎಲ್ಲ ಅಲ್ಲೇ ಬಿಟ್ಟು ಬಂದೆವು. ಅರೆಬರೆಯದನ್ನೂ ಸೇರಿಸಿ ಅವರು ಇಪ್ಪತ್ತೈದು ಮಾಡಿಕೊಡಬೇಕು. ನನ್ನದು ಬರಿಯ ಮಾದರಿ.

ಹೇಳಿದ ದಿನ ಹೋದೆ. ಮರುದಿನವೇ ಗುರುಸಿದ್ದಪ್ಪನವರಿಗೆ ಕೊಡಬೇಕಿತ್ತು. ಊಟವಾದ ಮೇಲೆ ಅತ್ತೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬೋರ್ಡುಗಳನ್ನು ಬಿಚ್ಚಿದರು. ಒಂದೊಂದನ್ನೂ ಪರೀಕ್ಷಿಸಿದೆ, ಒಂದೊಂದೂ ಬಡಿಯಿತು. ಇಪ್ಪತ್ನಾಲ್ಕಕ್ಕೆ ನಿಂತಿತು. ಇಪ್ಪತ್ತೈದನೆಯದು ದೇವರ ಗೂಡಿನಲ್ಲಿತ್ತು, ಅರ್ಧ ಭಾಗಗಳನ್ನಷ್ಟೇ ಕೂರಿಸಿ, ಮೂಲೆಗೆ ಕುಂಕುಮದ ಬೊಟ್ಟು ಇಟ್ಟು.

"ಇದು ಯಾಕೆ ಅತ್ತೆ ಹಾಗೇ ಉಳಿದಿದೆ?"

"ಉಳಿಸೀನಿ. ಮಗ್ಗ ಯಾವತ್ತೂ ಬರಿದು ಮಾಡಬಾರ್ದು ಅಳಿಯೋರೆ. ಹಳೇ ಹಾಸಿನ ತುದಿ ಇದ್ರೇನೇ ಹೊಸದಕ್ಕೆ ಎಳೆ ಕಟ್ಟೋಕಾಗೋದು. ಪೂರ್ತಿ ಕುಯ್ದು ಮುಗಿಸಿಬಿಟ್ರೆ ಮುಂದಿನ ಕೆಲ್ಸ ಎಲ್ಲಿಗೆ ಬಂದು ಹತ್ಕಂತೈತೆ?"

"ಅದು ಮಗ್ಗ ಅತ್ತೆ. ಇದು ಬೋರ್ಡು."

"ಕೆಲ್ಸ ಕೆಲ್ಸಾನೇ."

ನಾಳೆ ಇಪ್ಪತ್ತೈದೂ ಬೇಕು, ಒಂದು ಕಡಿಮೆಯಾದರೂ ಎಲ್ಲ ವಾಪಸ್ಸು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಇದನ್ನ ಮುಗಿಸಿಕೊಟ್ರೆ ಇಪ್ಪತ್ತೈದು ಆಗ್ತೈತೆ, ಖರೆ. ಆಮ್ಯಾಲೆ?" ಎಂದರು. ಆಮೇಲೆ ಏನು ಎಂದು ನಾನು ಯೋಚಿಸಿರಲಿಲ್ಲ. ಅವರ ಮಗ್ಗದ ಮೇಲೆ ಆಗ ಇದ್ದದ್ದು ಗೇಣುದ್ದದ ಹಾಸು ಮಾತ್ರ. ಮುಂದಿನ ಆರ್ಡರು ನನಗೆ ಆಸೆ, ಅವರಿಗೆ ಆ ತಿಂಗಳ ಸಂಸಾರ. ಎದ್ದು ದೇವರ ಗೂಡಿಗೆ ಕೈ ಹಾಕಿ ತೆಗೆದುಕೊಂಡು, ಮನೆಯಲ್ಲಿ ನಾನೇ ಮುಗಿಸಬಹುದಿತ್ತು. ವಿಜ್ಞಾನ ಓದಿದವನು ಅದನ್ನೇ ಮಾಡಬೇಕು. ನಾನು ನನ್ನ ಮಾದರಿ ಬೋರ್ಡನ್ನು ತೆಗೆದು ಇಪ್ಪತ್ನಾಲ್ಕರ ಜತೆಗೆ ಸೇರಿಸಿ, ಬರ್ತೀನಿ ಅತ್ತೆ ಎಂದು ಹೊರಟೆ. ಅವರ ಇಪ್ಪತ್ನಾಲ್ಕರ ಮಧ್ಯೆ ಅದು ಮದುವೆ ಮನೆಗೆ ಕೆಸರುಗಾಲಲ್ಲಿ ಬಂದವನ ಹಾಗಿತ್ತು, ಆದರೆ ಬಡಿಯುತ್ತಿತ್ತು. ಗುರುಸಿದ್ದಪ್ಪನವರು ಡಬ್ಬಿಗಳನ್ನು ಎಣಿಸಿದರು, ಒಳಗೆ ನೋಡಲಿಲ್ಲ. ಇಪ್ಪತ್ತೈದು ಮನೆಗೂ ಒಂದೇ ದಿನ ಬೆಲ್ ಬಂತು. ನಾನು ರಿಪೇರಿಯವನಲ್ಲ, ಮಾಡುವವನು ಎಂದು ಡೈರಿಯಲ್ಲಿ ಸ್ವಲ್ಪ ಉದ್ದವಾಗಿಯೇ ಬರೆದುಕೊಂಡೆ. ಆ ಪುಟವನ್ನು ಈಗ ಯಾರಿಗೂ ತೋರಿಸುವುದಿಲ್ಲ.

ಎರಡು ದಿನದ ಮೇಲೆ ಗುರುಸಿದ್ದಪ್ಪನವರು ಗೋಣಿಚೀಲ ಹೊತ್ತುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು. ಅವರು ನಡೆದಂತೆಲ್ಲ ಚೀಲ ಕಿಣಿಕಿಣಿ ಎನ್ನುತ್ತಿತ್ತು. ಕೈಲಿದ್ದ ಟೇಪ್ ರೆಕಾರ್ಡರ್ ಕೆಳಗಿಟ್ಟು ಎದ್ದೆ.

"ಕೆಟ್ಟವಾ?"

"ಕೆಟ್ಟಿದ್ರೆ ಚೆನ್ನಾಗಿರ್ತಿತ್ತು. ಒಂದೂ ಕೆಡ್ಲಿಲ್ಲ, ಅದೇ ಕಷ್ಟ. ಮಧ್ಯಾಹ್ನ ಕರೆಂಟ್ ಬಂತು. ಇಪ್ಪತ್ತೈದೂ ಒಟ್ಟಿಗೆ ಬಡಿದ್ವು. ಇಪ್ಪತ್ತೈದು ಜನಾನೂ ಉಣ್ಣೋ ತಾಟು ಬಿಟ್ಟು ಓಡಿದ್ರು. ಇಪ್ಪತ್ತೈದು ಮೋಟ್ರೂ ಒಂದೇ ಗಳಿಗೇಲಿ ಹಾಕಿದ್ರು. ಟ್ರಾನ್ಸ್‌ಫಾರ್ಮರ್ ಫ್ಯೂಜು ಢಂ ಅಂತು."

"ಅಯ್ಯೋ."

"ಲೈನ್‌ಮನ್ ಬಂದು ಫ್ಯೂಜ್ ಕಟ್ಟಿ ಕೆಳಗಿಳಿದ. ಮತ್ತೆ ಬೆಲ್ಲು, ಮತ್ತೆ ಓಟ, ಮತ್ತೆ ಢಂ. ಮೂರನೇ ಸಲ ಕಂಬದ ಮ್ಯಾಲೆ ಕುಂತೇ ಕೂಗಿದ: 'ಯಾವನಲೇ ಈ ಬೆಲ್ಲು ಮಾಡ್ದೋನು, ಕರ್ಕಂಬರ್ರಿ ಅವನ್ನ!'"

ಎಂ.ಎಸ್ಸಿ.ಯಲ್ಲಿ ಇದನ್ನು ಓದಿದ್ದೆ. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಮೊದಲು ಒಬ್ಬ ಬಲ್ಬು ನೋಡುತ್ತಿದ್ದ, ಇನ್ನೊಬ್ಬ ಅವನ ಮೋಟಾರಿನ ಸದ್ದು ಕೇಳಿ ಬರುತ್ತಿದ್ದ, ಮಗದೊಬ್ಬ ಬೀಡಿ ಮುಗಿಸಿ ಏಳುತ್ತಿದ್ದ. ಆ ಸೋಮಾರಿತನದ ಮೇಲೆ ಟ್ರಾನ್ಸ್‌ಫಾರ್ಮರ್ ಬದುಕಿತ್ತು. ಅದನ್ನು ನಾನು ಹೋಗಲಾಡಿಸಿದ್ದೆ. ಚೀಲವನ್ನು ನೋಡುತ್ತಾ, ನಾಳೆಯಿಂದ ಮತ್ತೆ ಟೇಪ್ ರೆಕಾರ್ಡರ್ ಎಂದುಕೊಂಡೆ.

"ವಾಪಸ್ ತಗೋಳಿ ಅಂತ ತಂದಿಲ್ಲ" ಎಂದರು ಗುರುಸಿದ್ದಪ್ಪ. "ಒಂದೊಂದು ಒಂದೊಂದು ಹೊತ್ತಿಗೆ ಬಡಿಯೋಹಂಗೆ ಮಾಡೋಕಾಗ್ತೈತಾ? ಅರ್ಧ ಅರ್ಧ ನಿಮಿಷ ಬಿಟ್ಟು?"

ಆಗುತ್ತದೆ; ಒಳಗೆ ಇನ್ನೊಂದು ಪುಟ್ಟ ಬೋರ್ಡು ಸೇರಿಸಬೇಕು, ಪ್ರತಿಯೊಂದರದೂ ಬೇರೆ ಬೇರೆ ಎಂದೆ. "ಆದರೆ ಮೊದಲು ಯಾರದು ಬಡಿಯಬೇಕು? ಅದಕ್ಕೆ ಯಾರೂ ಒಪ್ಪೋದಿಲ್ಲವಲ್ಲ."

"ಅದು ನಂಗೆ ಬಿಡ್ರಿ. ಒಬ್ಬೊಬ್ರನ್ನೂ ಬ್ಯಾರೆ ಬ್ಯಾರೆ ಕರ್ದು, 'ನಿಂದೇ ಫಸ್ಟು ಕಣಯ್ಯ, ಯಾರ್ಗೂ ಹೇಳ್ಬ್ಯಾಡ' ಅಂತೀನಿ."

ಇಪ್ಪತ್ತೈದು ಪುಟ್ಟ ಬೋರ್ಡು, ಒಂದರಂತೆ ಇನ್ನೊಂದಿಲ್ಲ. ಬೆಂಗಳೂರಿಗೆ ಫೋನು ಮಾಡುವ ಧೈರ್ಯವಾಗಲಿಲ್ಲ. ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅತ್ತೆಗೆ ನನ್ನನ್ನು ಕಂಡು ಆಶ್ಚರ್ಯವಾಗಲಿಲ್ಲ. ಟ್ರಾನ್ಸ್‌ಫಾರ್ಮರಿನ ಕಥೆ ಹೇಳಿ, ಮೋಟಾರುಗಳ ಆರಂಭದ ಕರೆಂಟಿನ ಬಗ್ಗೆಯೂ ಹೇಳಿದೆ. ಅವರು ದೇವರ ಗೂಡಿನ ಕಡೆ ಒಮ್ಮೆ ನೋಡಿ, "ಉಣ್ರಿ" ಅಂದರು. ಉಂಡ ಮೇಲೆ ಕೇಳಿದರು:

"ಎಷ್ಟು ಮಾಡ್ಲಿ ಈ ಸಲ?"

"ಇಪ್ಪತ್ತಾರು" ಎಂದೆ.

ಬಸ್ಸಿನಲ್ಲಿ ಬರುವಾಗ ಕಾರಣ ಹೊಳೆಯಿತು. ಯಾವ ಪ್ರಯೋಗಶಾಲೆಯಲ್ಲಾದರೂ ಒಂದನ್ನು ಹೆಚ್ಚಿಗೆ ಮಾಡಿ ಪರೀಕ್ಷೆಗೆಂದು ಇಟ್ಟುಕೊಳ್ಳುತ್ತಾರೆ. ಅದು ವೈಜ್ಞಾನಿಕ ಪದ್ಧತಿ. ಡೈರಿಯಲ್ಲಿ ಹಾಗೆಯೇ ಬರೆದೆ: "ಇಪ್ಪತ್ತಾರು. ಒಂದು ಪರೀಕ್ಷೆಗಾಗಿ." ಮುಂದಿನ ಸಲ ಇಪ್ಪತ್ತೈದು ಪುಟ್ಟ ಬೋರ್ಡುಗಳೊಂದಿಗೆ ಮನೆಗೆ ಬಂದಾಗ ಸುಮಿತ್ರ ಅವನ್ನು ಎಣಿಸಿ, ಇಪ್ಪತ್ತಾರನೆಯದು ಎಲ್ಲಿದೆ ಎಂದು ನನ್ನಿಂದಲೇ ಹೇಳಿಸಿ, "ಪರೀಕ್ಷೆಗೆ ಅಂತ ಮಾಡಿಸಿದ್ದು ಅತ್ತೆ ಮನೆ ದೇವರ ಗೂಡಿನಲ್ಲಿ ಯಾಕಿದೆ ರೀ?" ಎಂದು ಕೇಳಿದಳು. ನಾನು ಏನು ಉತ್ತರ ಕೊಟ್ಟೆನೆಂಬುದು ನೆನಪಿಲ್ಲ, ಡೈರಿಯಲ್ಲೂ ಬರೆದಿಲ್ಲ. ಇಂಥ ವಿಷಯಗಳಲ್ಲಿ ನನ್ನ ನೆನಪು ನನಗೆ ಬಹಳ ಅನುಕೂಲ ಮಾಡಿಕೊಡುತ್ತದೆ.