ಬಾಗಿಲಲ್ಲಿ ಸಿಕ್ಕಿಕೊಂಡ ಊಟದ ಮೇಜು

ಊಟದ ಮೇಜೊಂದು ಬಂದರೆ ಸಾಕು, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತ ನೋಡಿದವನು ನಾನು. ಸಮಸ್ಯೆ ಕಂಡ ಕೂಡಲೇ ಪರಿಹಾರ ಬರೆದು ರುಜು ಹಾಕುವುದು ನನ್ನ ಅಭ್ಯಾಸ.

ನರಸಿಂಹರಾಜಪುರದ ನಮ್ಮ ಮನೆಯಲ್ಲಿರುವುದು ನಾಲ್ಕೇ ಜನ. ಊಟ ಮಾತ್ರ ನಾಲ್ಕು ಪಂಕ್ತಿ! ಅಮ್ಮ ಸಂಜೆ ಏಳಕ್ಕೇ ಅಡುಗೆಮನೆಯಲ್ಲಿ ಉಂಡು ಕೈ ತೊಳೆಯುತ್ತಿದ್ದರು. ಹೆಂಡತಿ ವಸಂತ ತಟ್ಟೆ ಹಿಡಿದು ಟೀವಿ ಮುಂದೆ ಕೂರುತ್ತಿದ್ದಳು. ಧಾರಾವಾಹಿಯ ಸೊಸೆ ಅತ್ತರೆ ಇವಳ ತುತ್ತು ಅರ್ಧದಲ್ಲೇ ನಿಲ್ಲುತ್ತಿತ್ತು. ಕೊಪ್ಪದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗಳು ಶ್ವೇತಾಳ ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ಹೊಸದಾಗಿ ಬಂದ ಮೊಬೈಲು. ಕೊನೆಯವನು ನಾನು. ವಾರ್ತೆ ಮುಗಿಸಿ ಎದ್ದಾಗ ನನಗಾಗಿ ಕಾದಿರುತ್ತಿದ್ದದ್ದು ತಣ್ಣಗಾದ ಸಾರು ಮಾತ್ರ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಜೋಸಣ್ಣ, ಜೀಪು ಓಡಿಸುವವನು, ಬೇಲಿಯಾಚೆಯಿಂದ ಕೈ ಚಾಚಿದ.

"ಖುಷಿಯಾಯ್ತು ಮಾರಾಯ್ರೆ! ಶ್ವೇತಾಗೆ ಡಿಬೇಟಲ್ಲಿ ಫಸ್ಟ್ ಪ್ರೈಜಂತಲ್ಲ!"

"ಹೌದೌದು," ಎಂದು ಕೈ ಕುಲುಕಿದೆ. ನನಗೆ ಗೊತ್ತೇ ಇರಲಿಲ್ಲ!

ಒಳಗೆ ಬಂದು ಮಗಳನ್ನು ಕೇಳಿದೆ. "ಅದಾಗಿ ಹದಿನೈದು ದಿನ ಆಯ್ತಪ್ಪ. ನೀವು ಊಟಕ್ಕೆ ಏಳೋ ಹೊತ್ತಿಗೆ ನಂಗೆ ನಿದ್ದೆ ಬಂದಿರ್ತದೆ. ಯಾವಾಗ ಹೇಳೋದು?" ಎಂದು ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡಿದಳು.

ಆ ಮಾತು ನಿಜಕ್ಕೂ ನಾಟಿತು. ಊರಿಗೆಲ್ಲ ಗೊತ್ತಿರುವ ಸುದ್ದಿ ಅಪ್ಪನಿಗೆ ಬೇಲಿಯ ಮೇಲಿಂದ ತಿಳಿಯಬೇಕೆ? ಅವತ್ತೇ ಆಚಾರಿಯ ಹತ್ತಿರ ಹೋಗಿ, ಆರು ಜನ ಕೂರುವಂಥ ಹಲಸಿನ ಮೇಜು ಮಾಡಲು ಹೇಳಿದೆ.

"ಕಾಲು ಬಿಚ್ಚೋ ಹಂಗೆ ಮಾಡ್ಲಾ ಅಯ್ಯಾ?" ಎಂದು ಆಚಾರಿ ಕೇಳಿದ.

"ಬಿಚ್ಚುವ ಕಾಲಿನ ಮೇಜು ಒಂದು ಮೇಜಾ? ನನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಬಾರದು!"

ಆಚಾರಿ ಮಾತು ನಡೆಸಿಕೊಟ್ಟ. ಮೇಜು ಸಿದ್ಧವಾದ ವಾರವೇ ನಾನು ಶೃಂಗೇರಿಯಲ್ಲಿರುವ ಭಾವನಿಗೆ, ಅಂದರೆ ವಸಂತಳ ಅಣ್ಣನಿಗೆ, ಫೋನು ಮಾಡಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಆಹ್ವಾನಿಸಿದೆ. "ನಮ್ಮಲ್ಲಿ ಇನ್ನು ಮೇಲೆ ಎಲ್ಲರದ್ದೂ ಒಟ್ಟಿಗೇ ಊಟ, ಭಾವ," ಎಂದು ಗಂಭೀರವಾಗಿ ಘೋಷಿಸಿಯೂಬಿಟ್ಟೆ.

ಭಾನುವಾರ ಜೋಸಣ್ಣನ ಜೀಪಿನಲ್ಲಿ ಮೇಜು ಬಂತು. ಬೀದಿ ಬಾಗಿಲು ದೊಡ್ಡದು, ಹಜಾರದವರೆಗೆ ಸಲೀಸಾಗಿ ಬಂತು. ಆಮೇಲೆ ಅಡುಗೆಮನೆಯ ಬಾಗಿಲು. ಒಳಗೆ ಮೇಜು ಇಡುವ ಜಾಗವನ್ನು ನಾನು ಮೂರು ಸಲ ಅಳೆದಿದ್ದೆ. ಮೇಜು ಬರುವ ದಾರಿಯನ್ನು ಅಳೆದಿರಲಿಲ್ಲ!

"ಅಡ್ಡ ಮಲಗಿಸಿ ತಳ್ಳುವ," ಎಂದೆ.

"ಹೋಗೂದು ಡೌಟು ಮಾರಾಯ್ರೆ," ಎಂದ ಜೋಸಣ್ಣ.

"ನೀ ತಳ್ಳು!"

ತಳ್ಳಿದೆವು. ಎರಡು ಕಾಲು ಅಡುಗೆಮನೆಯೊಳಗೆ ಹೋದವು. ಇನ್ನೆರಡು ಹಜಾರದಲ್ಲೇ ಉಳಿದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಲಸಿನ ಮರ, ಗಟ್ಟಿ ಕೆಲಸ!

ಅಡುಗೆಮನೆಯೊಳಗೆ ಅಮ್ಮ, ವಸಂತ, ಮತ್ತು ಬೆಳಗಿನಿಂದ ಮಾಡಿದ ಅಷ್ಟೂ ಅಡುಗೆ. ಹಜಾರದಲ್ಲಿ ನಾನು, ಶ್ವೇತಾ, ಜೋಸಣ್ಣ. ಸರಿಯಾಗಿ ಆಗಲೇ ಶಲ್ಯ ಸರಿಪಡಿಸಿಕೊಳ್ಳುತ್ತ ಭಾವ ಬಂದರು. ಮೇಜನ್ನು ನೋಡಿದರು. ನನ್ನನ್ನು ನೋಡಿದರು.

"ಎಂತ ಭಾವ, ಅಡುಗೆಮನೆಗೆ ದಣಪೆ ಹಾಕ್ಸಿದ್ಯಾ? ದನ ನುಗ್ತವಾ?"

ಆಚಾರಿಗೆ ಹೇಳಿ ಕಳಿಸಿದರೆ, ಅವನು ಕಡಹಿನಬೈಲಿಗೆ ಮದುವೆಗೆ ಹೋಗಿದ್ದಾನೆ, ಬರುವುದು ಸಂಜೆಗೆ ಎಂಬ ಉತ್ತರ ಬಂತು. "ಇರ್ಲಿ, ಎಲ್ಲ ಹಿತ್ತಿಲಿಂದ ಸುತ್ತಿ ಬನ್ನಿ, ಇಲ್ಲೇ ಬಡಿಸ್ತೆ," ಎಂದು ವಸಂತ ಒಳಗಿನಿಂದ ಕೂಗಿದಳು.

ನನ್ನ ಅಡುಗೆಮನೆಗೆ ನಾನು ಹಿತ್ತಿಲಿಂದ ಹೋಗಬೇಕೆ? ಅದೂ ಭಾವನ ಎದುರು? ಮಲಗಿದ ಮೇಜಿನ ಮೇಲಿನ ಕಾಲಿಗೂ ಕೆಳಗಿನ ಕಾಲಿಗೂ ನಡುವೆ ಒಂದು ಸಂದು ಇತ್ತು. ಹತ್ತಿ ದಾಟುವುದು ಪಂಚೆ ಉಟ್ಟವನಿಗೆ ಶೋಭಿಸುವುದಿಲ್ಲ. ನುಸುಳುವುದೇ ಮರ್ಯಾದೆ ಎಂದು ತೀರ್ಮಾನಿಸಿದೆ.

"ಬೇಡ ಅಪ್ಪ," ಎಂದಳು ಶ್ವೇತಾ.

"ಸುಮ್ನಿರು. ಇದೆಲ್ಲ ಒಂದು ವಿಷಯವಾ?"

ತಲೆ ಹೋಯಿತು. ಹೆಗಲು ಹೋಯಿತು. ಹೊಟ್ಟೆ ನಿಂತಿತು!

ಈಗ ಬಾಗಿಲಲ್ಲಿ ಮೇಜು, ಮೇಜಿನಲ್ಲಿ ನಾನು. ತಲೆ ಅಡುಗೆಮನೆಯಲ್ಲಿ, ಕಾಲು ಹಜಾರದಲ್ಲಿ. ವಸಂತ ಸೌಟು ಹಿಡಿದು ಬಗ್ಗಿ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯುತ್ತಿತ್ತು. ಅಳುವಂತೂ ಅಲ್ಲ.

ಅಮ್ಮ ಮಾತ್ರ ನಗಲಿಲ್ಲ. "ಹೆಂಗೂ ತಲೆ ಇಲ್ಲೇ ಉಂಟಲ್ಲ. ಪಾಯಸಕ್ಕೆ ಬೆಲ್ಲ ಸಾಕಾ ನೋಡೋ," ಎಂದು ಒಂದು ಚಮಚ ಬಾಯಿಗೆ ಹಾಕಿದರು.

ಬೆಲ್ಲ ಸಾಕಾಗಿತ್ತು.

ನನ್ನನ್ನು ಬಿಡಿಸುವ ಬಗ್ಗೆ ಹಜಾರದಲ್ಲಿ ಚರ್ಚೆ ನಡೆಯಿತು. ಎಣ್ಣೆ ಹಚ್ಚಬೇಕೆಂದು ಜೋಸಣ್ಣ, ಸ್ವಲ್ಪ ಉಪವಾಸ ಕೆಡವಿದರೆ ತಾನಾಗಿ ಬರುತ್ತಾನೆಂದು ಭಾವ. ಈ ನಡುವೆ ವಸಂತ ಮೇಜಿನ ಮೇಲಿಂದ ತಟ್ಟೆಗಳನ್ನು ದಾಟಿಸತೊಡಗಿದಳು. ಪತ್ರೊಡೆ ಹೋಯಿತು, ಸೌತೆಕಾಯಿ ಹುಳಿ ಹೋಯಿತು, ಹಲಸಿನ ಹಪ್ಪಳ ಹೋಯಿತು. ನನ್ನ ಬೆನ್ನ ಹಿಂದೆ ಹಪ್ಪಳ ಮುರಿಯುವ ಸದ್ದು! ಭಾವ ಒಂದು ಕಡೆ, ಅಮ್ಮ ಇನ್ನೊಂದು ಕಡೆ, ನಡುವೆ ನಾನು. ಮಾತು, ನಗು, ಮತ್ತೆ ಮಾತು. ಟೀವಿ ಹಾಕುವ ನೆನಪು ಯಾರಿಗೂ ಇರಲಿಲ್ಲ. ನಮ್ಮ ಮನೆಯವರೆಲ್ಲ ಒಂದೇ ಹೊತ್ತಿಗೆ ಉಂಡದ್ದು ಎಷ್ಟು ವರ್ಷದ ಮೇಲೋ!

ಸಂದರ್ಭ ಬಿಡಬಾರದೆಂದು ನಾನು ಮಲಗಿದಲ್ಲಿಂದಲೇ ಕೂಗಿದೆ: "ಶ್ವೇತಾ, ಆ ಡಿಬೇಟಿನ ವಿಷಯ ಎಂತ ಇತ್ತೇ?"

"ಮನೆಯವರೆಲ್ಲ ಕೂಡಿ ಬಾಳೋದು ಈ ಕಾಲಕ್ಕೆ ಸಾಧ್ಯವಾ ಅಂತ, ಅಪ್ಪ."

"ನೀನೆಂತ ಹೇಳಿದೆ?"

"ಸಾಧ್ಯ ಇಲ್ಲ ಅಂದೆ. ಅದಕ್ಕೇ ಫಸ್ಟ್ ಬಂತು. ಉದಾಹರಣೆ ಭಾರೀ ಚೆನ್ನಾಗಿ ಕೊಟ್ಟೆ ಅಂದ್ರು ಮೇಷ್ಟ್ರು."

ಉದಾಹರಣೆ ಯಾವ ಮನೆಯದು ಎಂದು ನಾನು ಕೇಳಲಿಲ್ಲ.

ಊಟ ಮುಗಿಸಿ, ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡ ಮೇಲೆ ಭಾವ ಒಂದು ಕಾಲು, ಜೋಸಣ್ಣ ಇನ್ನೊಂದು ಕಾಲು ಹಿಡಿದು ಎಳೆದರು. ಹೊಟ್ಟೆ ಬಂತು. ಜೊತೆಗೆ ಎಡ ಮಂಡಿಯಲ್ಲಿ ಲಟಕ್ ಎಂಬ ಸದ್ದೂ ಬಂತು.

ಸಂಜೆ ಆಚಾರಿ ಬಂದು ಸುತ್ತ ನೋಡಿದ. "ಒಂದೋ ಬಾಗಿಲಿನ ಚೌಕಟ್ಟು ತೆಗಿಬೇಕು, ಇಲ್ಲಾ ಮೇಜಿನ ಕಾಲು ಕೊಯ್ಬೇಕು."

"ನಿನ್ನ ಅಪ್ಪಯ್ಯ ಇಡ್ಸಿದ ಬಾಗಿಲು ಕಣೋ. ಮುಟ್ಟಿದ್ರೆ ನೋಡು ಮತ್ತೆ!" ಎಂದರು ಅಮ್ಮ. ಕಾಲೇ ಕೊಯ್ದದ್ದಾಯಿತು. ನಾಲ್ಕೂ ಕಾಲು ಒಂದೊಂದೇ ಅಡಿ ಉಳಿದು, ಮೇಜು ಹಾಯಾಗಿ ಒಳಗೆ ಹೋಯಿತು.

ಆಶ್ಚರ್ಯವೆಂದರೆ ಆ ಮೋಟು ಮೇಜು ಎಲ್ಲರಿಗೂ ಹಿಡಿಸಿಬಿಟ್ಟಿತು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರೆ ತಟ್ಟೆ ಸರಿಯಾಗಿ ಕೈಗೆ ಸಿಗುತ್ತದೆ ಎಂದು ಅಮ್ಮ ಹೊಗಳಿದರು. ಶ್ವೇತಾ ಅಜ್ಜಿಯ ಪಕ್ಕ ಕೂರತೊಡಗಿದಳು. ಅವರಿಬ್ಬರ ನಗು ಕೇಳಿ ವಸಂತ ಧಾರಾವಾಹಿಯನ್ನು ನಡುವೆಯೇ ಬಿಟ್ಟು ಎದ್ದು ಹೋದಳು. ಈಗ ಎಂಟು ಗಂಟೆಗೆ ಸರಿಯಾಗಿ ಮೂವರೂ ಒಟ್ಟಿಗೆ ಉಣ್ಣುತ್ತಾರೆ. ನನ್ನ ಯೋಜನೆ ಸಂಪೂರ್ಣ ಯಶಸ್ವಿ!

ನನ್ನ ಮಂಡಿ ನೋಡಿದ ಡಾಕ್ಟರು ಮಾತ್ರ ಆರು ತಿಂಗಳು ನೆಲಕ್ಕೆ ಕೂರಲೇಬಾರದು ಎಂದಿದ್ದಾರೆ. ಹಾಗಾಗಿ ಹಜಾರದ ಕುರ್ಚಿಯಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ವಸಂತ ಬಿಟ್ಟುಹೋದ ಧಾರಾವಾಹಿಯನ್ನು ನಾನು ನೋಡುತ್ತಿರುತ್ತೇನೆ.

ಆ ಸೊಸೆಗೆ ಬಹಳ ಅನ್ಯಾಯವಾಗುತ್ತಿದೆ.