ಅರ್ಧ ಮುಖದ ಮೇಸ್ತ್ರಿ

ಇಷ್ಟಕ್ಕೆಲ್ಲ ಕಾರಣ ಸಿದ್ದಲಿಂಗನ ಎಡ ದವಡೆಯ ಕಟ್ಟಕಡೆಯ ಹಲ್ಲು. ಇಡೀ ದಾಂಡೇಲಿಯಲ್ಲಿ ತನ್ನ ಮಾತು ಕೇಳದ ಪ್ರಾಣಿ ಅದೊಂದೇ ಎಂದು ಅವನು ಹೇಳುತ್ತಿದ್ದ. ಹೆಂಡತಿ ಸುಮಿತಾ ಈ ಲೆಕ್ಕವನ್ನು ಒಪ್ಪುತ್ತಿರಲಿಲ್ಲ. ಅವನ ಮಾತು ಕೇಳುವ ಪ್ರಾಣಿ ಊರಲ್ಲಿ ಯಾವುದಿದೆ ಎಂಬುದು ಅವಳ ಪ್ರಶ್ನೆ.

ಬೇರೆ ದಿನವಾಗಿದ್ದರೆ ಒಂದು ಲವಂಗ ಕಚ್ಚಿಕೊಂಡು ಸುಮ್ಮನಿರುತ್ತಿದ್ದ. ಆದರೆ ಅಂದು ಮಧ್ಯಾಹ್ನ ಜ್ಯೋತಿಬಾ ಸಾವಕಾರರ ಸಾಮಿಲ್ಲಿನಲ್ಲಿ ಅವನಿಗೆ ಪರೀಕ್ಷೆ. ಗರಗಸದ ಮುಂದಿನ ತುದಿಯಲ್ಲಿ ನಿಂತು ದಿಮ್ಮಿ ಕೊಯ್ಯಿಸುವ ಗೌಸ ಮೇಸ್ತ್ರಿ ವಯಸ್ಸಾಯಿತೆಂದು ಕೆಲಸ ಬಿಡುವವನಿದ್ದ. ಹಿಂದಿನ ತುದಿಯಲ್ಲಿ ದಿಮ್ಮಿ ತಳ್ಳುತ್ತಲೇ ತಲೆ ನರೆಸಿಕೊಂಡ ಸಿದ್ದಲಿಂಗನಿಗೆ ಆ ಜಾಗ ಬೇಕಿತ್ತು. ಸಂಬಳದ ಮಾತು ಹಾಗಿರಲಿ, ಒಮ್ಮೆಯಾದರೂ ಯಾರಾದರೂ ತನ್ನನ್ನು ಮೇಸ್ತ್ರಿ ಎಂದು ಕರೆಯಬೇಕೆಂಬ ಆಸೆ. "ಒಂದ ಸಾಗವಾನಿ ದಿಮ್ಮಿ ನೆಟ್ಟಗ ಕೊಯ್ಸಿ ತೋರಸು. ನಾಳಿಂದ ಮುಂದಿನ ತುದಿ ನಿಂದು," ಎಂದಿದ್ದರು ಸಾವಕಾರರು.

ಇಂಥ ದಿನ ಹಲ್ಲು ಅಡ್ಡ ಬರಬಾರದೆಂದು ಸಿದ್ದಲಿಂಗ ಬೆಳಿಗ್ಗೆಯೇ ಹೋಗಿ ಅದನ್ನು ಕೀಳಿಸಿಕೊಂಡ. ಹಲ್ಲು ಸುಲಭವಾಗಿ ಬಂತು. ಕನ್ನಡಿ ನೋಡಿಕೊಂಡಾಗ ಮಾತ್ರ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಮುಖದ ಎಡಗಡೆ ಬಾಡಿಗೆಯವರು ಖಾಲಿ ಮಾಡಿ ಬೀಗ ಹಾಕಿದ ಮನೆಯ ಹಾಗೆ ಸ್ತಬ್ಧವಾಗಿತ್ತು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚು ಎಂದರೆ ಮುಚ್ಚಲೊಲ್ಲದು.

"ಗಾಬರಿ ಆಗಬ್ಯಾಡ್ರಿ," ಎಂದಳು ಹಲ್ಲಿನ ಡಾಕ್ಟರು. ಗಾಬರಿ ಅವಳಿಗೂ ಸ್ವಲ್ಪ ಆಗಿತ್ತು. "ಕಿವಿ ಕೆಳಗಿಂದ ಒಂದು ನರ ಬರ್ತೈತ್ರಿ. ಬೆರಳು ಬಿಡಿಸಿದ ಕೈ ಹಂಗ ಮಾರಿ ತುಂಬ ಹರಡ್ತೈತಿ. ಹಣಿ, ಕಣ್ಣು, ಗಲ್ಲ, ತುಟಿ, ಗದ್ದ, ಎಲ್ಲಾ ಕಡೆ ಹುಕುಂ ಒಯ್ಯೂದು ಅದ. ಇಂಜೆಕ್ಷನ್ ಒಂಚೂರು ಆ ಕಡೆ ಸರದೈತಿ. ಸಂಜೀಕ ಇಳೀತೈತಿ."

ಸಿದ್ದಲಿಂಗ ನಾಲಿಗೆ ಹೊರಚಾಚಿ ಬೆರಳಿನಿಂದ ಅದನ್ನು ತೋರಿಸಿದ.

"ನಾಲಿಗಿ ಆಡಸೂ ನರ ಬ್ಯಾರೆ, ಅದು ಆರಾಮ ಐತಿ. ಮುಟ್ಟಿದ್ದು ತಿಳಸೂ ನರ ಅಷ್ಟ ಮಲಗೈತಿ. ಅದಕ್ಕ ಅರ್ಧ ನಾಲಿಗಿ ಬ್ಯಾರೆ ಮಂದೀದು ಅನಸ್ತೈತಿ. ಮನಿಗೆ ಹೋಗಿ ಮಲಕೋರಿ." ಹೀಗೆಂದು ಎಡಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿದಳು.

ಅವನು ಮಲಗಲು ಹೋಗಲಿಲ್ಲ, ಮಿಲ್ಲಿನ ಕಡೆಗೆ ನಡೆದ. ದಾರಿಯುದ್ದಕ್ಕೂ ಆ ನರದ್ದೇ ಯೋಚನೆ. ಹುಟ್ಟಿದಾಗಿನಿಂದ ತನ್ನ ನಗು, ಸಿಟ್ಟು, ಆಕಳಿಕೆ ಎಲ್ಲವನ್ನೂ ಹೊತ್ತು ತಿರುಗಿದ ಆಳು ಒಬ್ಬನಿದ್ದ; ಅವನು ಒಂದು ದಿನ ರಜೆ ಹಾಕಿದಾಗಲೇ ಅಂಥವನೊಬ್ಬ ಇದ್ದದ್ದು ಗೊತ್ತಾದದ್ದು. ತಾನು ಅವನಿಗೆ ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ ಎನಿಸಿ ಸಿದ್ದಲಿಂಗನಿಗೆ ಸಂಕೋಚವಾಯಿತು.

ಮಿಲ್ಲಿನ ಗೇಟು ಬಂದಾಗ ಕಣ್ಣಿನ ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡ. ಆ ಮಿಲ್ಲಿನಲ್ಲಿ ಮುಖ ಕೆಟ್ಟಿದೆ ಎಂದು ತೋರಿಸಿಕೊಂಡರೆ ಕೆಲಸ ಸಿಗುವುದಿಲ್ಲ. ಗರಗಸ ತಿರುಗತೊಡಗಿದರೆ ಪಕ್ಕದವನು ಕೂಗಿದ್ದೂ ಕೇಳುವುದಿಲ್ಲ. ಎರಡೂ ಕೈ ದಿಮ್ಮಿಯ ಮೇಲಿರುತ್ತವೆ. ಮಾತಿಗೆ ಉಳಿಯುವುದು ಮುಖವೊಂದೇ. ಆ ಮುಖದ ಮಾತನ್ನು ಕಟ್ಟಿದವನು ಗೌಸ ಮೇಸ್ತ್ರಿ. ಮುಂದಿನವನು ಯಾವ ಕಣ್ಣು ಮುಚ್ಚುತ್ತಾನೋ ಹಿಂದಿನವನು ದಿಮ್ಮಿಯನ್ನು ಆ ಕಡೆಗೆ ಒಂದು ನೂಲಿನಷ್ಟು ಸರಿಸಬೇಕು. ಒಂದು ಹುಬ್ಬು ಏರಿದರೆ ಜೋರಾಗಿ ತಳ್ಳಬೇಕು. ಎರಡೂ ಏರಿದರೆ ನಿಲ್ಲಿಸಬೇಕು. ಬಾಯಿ ಒಂದು ಕಡೆಗೆ ಹೋದರೆ ಚಹಾ.

ಗೇಟಿನ ಬಳಿ ಚಹಾದ ಈರಕ್ಕ ಅವನನ್ನು ನೋಡಿದಳು. "ಏನೋ ಯಣ್ಣ, ಮಾರಿ ಒಂದ ಕಡಿ ದೀಪಾವಳಿ, ಒಂದ ಕಡಿ ಅಮಾಸಿ ಆಗೈತಿ?"

ಏನಿಲ್ಲ ಎಂದು ಸಿದ್ದಲಿಂಗ ನಕ್ಕ. ಬಾಯಿ ಬಲಕ್ಕೆ ಓಡಿತು. ಈರಕ್ಕ ಚಹಾ ತಂದಳು. ಕುಡಿದರೆ ಅರ್ಧ ಒಳಗೆ ಹೋಗಿ ಅರ್ಧ ಅಂಗಿಯ ಮೇಲೆ ಇಳಿಯಿತು. ಸಾಕು ಎಂದು ಹೇಳಹೋದ. ಬಾಯಿ ಮತ್ತೆ ಬಲಕ್ಕೆ. ಇನ್ನೊಂದು ಚಹಾ ಬಂತು.

"ಪರೀಕ್ಷಾ ಇದ್ದಾಗ ನನ್ನ ತಮ್ಮನೂ ಹಿಂಗ ಕುಡೀತಿದ್ದ," ಎಂದಳು ಈರಕ್ಕ. "ಪಾಸಾಗಲಿಲ್ಲ ಬಿಡು."

ಮಧ್ಯಾಹ್ನ ಗರಗಸ ಶುರುವಾಯಿತು. ಹಿಂದಿನ ತುದಿಗೆ, ಹಲಗೆ ಒಟ್ಟುವ ಕೆಲಸದಿಂದ ಕರೆತಂದ ನದೀಮ ನಿಂತಿದ್ದ. ಗೌಸ ಮೇಸ್ತ್ರಿ ಗೋಡೆಗೆ ಒರಗಿ ನೋಡುತ್ತಿದ್ದ. ಸಾವಕಾರರು ಕುರ್ಚಿಯಲ್ಲಿ ಕುಳಿತಿದ್ದರು. ಮೇಸ್ತ್ರಿಗೆ ಹೊದಿಸಿ ಬೀಳ್ಕೊಡಲು ತರಿಸಿದ್ದ ಶಾಲು ಅವರ ತೊಡೆಯ ಮೇಲಿತ್ತು.

ಸಿದ್ದಲಿಂಗ ಕಣ್ಸನ್ನೆಯನ್ನೇ ಮಾಡಬಾರದು, ದಿಮ್ಮಿ ತಾನಾಗಿ ನೆಟ್ಟಗೆ ಹೋಗಲಿ ಎಂದು ನಿಶ್ಚಯಿಸಿದ್ದ. ಆದರೆ ಮನುಷ್ಯ ರೆಪ್ಪೆ ಬಡಿಯದೆ ಎಷ್ಟು ಹೊತ್ತು ಇದ್ದಾನು? ಮರದ ಪುಡಿ ಹಾರಿತು. ರೆಪ್ಪೆ ಬಡಿದ. ಎಡಗಣ್ಣು ತೆರೆದೇ ಇತ್ತು, ಬಲಗಣ್ಣು ಮಾತ್ರ ಮುಚ್ಚಿ ತೆರೆಯಿತು. ನದೀಮ ವಿಧೇಯನಾಗಿ ದಿಮ್ಮಿಯನ್ನು ಬಲಕ್ಕೆ ಒಂದು ನೂಲು ಸರಿಸಿದ.

ಮತ್ತೊಮ್ಮೆ ಬಡಿದ. ಮತ್ತೊಂದು ನೂಲು.

ಮುಚ್ಚದ ಕಣ್ಣಿಗೆ ಪುಡಿ ತುಂಬಿ ನೀರು ಸುರಿಯತೊಡಗಿದಾಗ ಬಲಗಣ್ಣು ಅದರ ಪಾಲಿನ ಕೆಲಸವನ್ನೂ ತಾನೇ ಮಾಡಲು ಹೊರಟಿತು. ಪಟಪಟ ಬಡಿಯಿತು. ನದೀಮ ಹೊಸ ಸೊಸೆಯಷ್ಟು ನಿಷ್ಠೆಯಿಂದ ಸರಿಸುತ್ತಲೇ ಇದ್ದ. ಗರಗಸ ಸಾಗವಾನಿಯೊಳಗೆ ಓರೆಯಾಗಿ ಇಳಿಯುತ್ತಿರುವುದನ್ನು ಕಂಡು ಸಿದ್ದಲಿಂಗನ ಜೀವ ಬಾಯಿಗೆ ಬಂತು. ನಿಲ್ಲಿಸು ಎಂದು ಎರಡೂ ಹುಬ್ಬು ಏರಿಸಿದ. ಬಲದ್ದೊಂದೇ ಏರಿತು.

ಜೋರಾಗಿ ತಳ್ಳು ಎಂದು ತಿಳಿದ ನದೀಮ ಸೊಂಟ ಬಗ್ಗಿಸಿ ತಳ್ಳಿದ.

ಇನ್ನಷ್ಟು ಏರಿಸಿದ. ಇನ್ನಷ್ಟು ತಳ್ಳಿದ. ಬೇಡ ಎಂದು ಕೂಗಲು ಬಾಯಿ ತೆರೆದ. ಅದು ಬಲಕ್ಕೆ ಹೋಯಿತು, ಗೇಟಿನಿಂದ ಈರಕ್ಕ ಚಹಾ ಹಿಡಿದು ಬಂದಳು.

ಗರಗಸ ನಿಂತಾಗ ಎಲ್ಲರೂ ಹಲಗೆಗಳ ಸುತ್ತ ನಿಂತರು. ಸಾವಕಾರರು ಒಂದು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು.

"ಅರೆ ಸಿದ್ಯಾ, ಈ ಕಡಿ ಮದುವಿ ಊಟ, ಆ ಕಡಿ ಉಪವಾಸ ಆಗೈತಲ್ಲೋ. ಇದರಲೆ ಬಾಗಲಾ ಮಾಡಿದರ ಮನಿ ಮಂದಿ ಓರೆ ಆಗಿ ಅಡ್ಯಾಡಬೇಕಾಗ್ತೈತಿ."

ಸಿದ್ದಲಿಂಗ ತಲೆ ತಗ್ಗಿಸಿದ. ಸಾವಕಾರರು ಸ್ವಲ್ಪ ಹೊತ್ತು ಶಾಲನ್ನು ನೋಡಿದರು, ಆಮೇಲೆ ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಗೌಸಭಾಯಿ, ನೀವು ಹೋಗೂದು ಬ್ಯಾಡ. ಕೈಕಾಲು ಆಡೂತನಕ ಇರ್ರಿ."

ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ಮರದ ಪುಡಿ ಎಂದು ಎಲ್ಲರೂ ಅಂದುಕೊಳ್ಳುವಂತೆ ಒರೆಸಿಕೊಂಡ.

ಸಂಜೆಯ ಚಹಾದ ಹೊತ್ತಿಗೆ ಮಿಲ್ಲಿನಲ್ಲಿ ಬೇರೆಯೇ ಸುದ್ದಿ ಹರಡಿತ್ತು. ಸುದ್ದಿ ತಂದವನು ನದೀಮ. ಸಿದ್ದಲಿಂಗ ಬೇಕೆಂದೇ ದಿಮ್ಮಿ ಕೆಡಿಸಿದನಂತೆ. ಮುದುಕ ಮೇಸ್ತ್ರಿಯ ಕೆಲಸ ಉಳಿಯಲಿ ಎಂದು ತನ್ನ ಬಾಯಿಗೆ ಬಂದ ತುತ್ತನ್ನು ಬಿಟ್ಟುಕೊಟ್ಟನಂತೆ.

"ನಿನ್ನಂಥಾವ್ರು ಇರೂದಕ್ಕ ಮಳಿ ಬೆಳಿ ಆಗಾಕ ಹತ್ತೈತಿ," ಎಂದಳು ಈರಕ್ಕ, ಈ ಸಲ ಬಿಸ್ಕೀಟನ್ನೂ ಕೊಟ್ಟು.

"ಹಂಗಲ್ಲ, ಈರಕ್ಕ," ಎಂದು ಸಿದ್ದಲಿಂಗ ಹೇಳಹೋದ. ಮುಖದ ಒಳ್ಳೆಯ ಅರ್ಧ ಸಂಕೋಚದಿಂದ ನಕ್ಕಿತು, ಉಳಿದರ್ಧ ಋಷಿಯ ಹಾಗೆ ಗಂಭೀರವಾಗಿತ್ತು.

"ನೋಡ್ರಿ, ಹೊಗಳಿಸಿಕೊಳ್ಳಾಕೂ ನಾಚಿಕೆ ಅವಂಗ," ಎಂದ ನದೀಮ. ಹಿಂದಿನ ತುದಿ ತಪ್ಪಿದ್ದರಿಂದ ಅವನ ಸೊಂಟವೂ ಕೃತಜ್ಞವಾಗಿತ್ತು.

ಕತ್ತಲಾಗುವ ಮುಂಚೆ ಮನೆಯಲ್ಲಿ ಕನ್ನಡಿಯ ಮುಂದೆ ಕುಳಿತಿದ್ದಾಗ ಎಡಗಣ್ಣು ತಾನಾಗಿ ಒಮ್ಮೆ ಮುಚ್ಚಿ ತೆರೆಯಿತು. ಆಮೇಲೆ ತುಟಿ ಅದುರಿತು, ಹುಬ್ಬು ಎದ್ದಿತು. ಒಬ್ಬೊಬ್ಬರಾಗಿ ಊರಿಗೆ ಮರಳುವವರ ಹಾಗೆ ಎಲ್ಲವೂ ಬಂದವು. ಸಿದ್ದಲಿಂಗ ಕನ್ನಡಿಗೆ ಕೈ ಮುಗಿದ.

"ಅದಕ್ಯಾಕ ಕೈ ಮುಗೀತೀರಿ?" ಎಂದಳು ಸುಮಿತಾ. "ಆ ಮಾರಿ ದಿನಾ ನೋಡಾಕಿ ನಾನು. ನನಗ ಮುಗೀರಿ."

ಅಷ್ಟರಲ್ಲಿ ಗೌಸ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಮುಚ್ಚಿದ ಡಬ್ಬಿ. "ನನ್ನ ಹೇಂತಿ ಹಬೀಬಾ ಶಿರಾ ಮಾಡಿ ಕೊಟ್ಟಾಳ. ಹಲ್ಲಿಗೆ ತ್ರಾಸ ಇಲ್ಲ." ಒಳಗೆ ಬಂದು ಕುಳಿತ. ಬಹಳ ಹೊತ್ತು ಸುಮ್ಮನಿದ್ದ. ಗರಗಸದ ಪಕ್ಕ ಬಾಳು ಕಳೆದವರಿಗೆ ಮೌನದ ರುಚಿ ಬೇರೆ. ಅವರು ಅದನ್ನು ಅವಸರದಿಂದ ಮುರಿಯುವುದಿಲ್ಲ.

"ಮನ್ಯಾಗ ನನಗ ಬಾಳ ಕೇಳಂಗಿಲ್ಲ, ಬೇಟಾ," ಎಂದ ಕೊನೆಗೆ. "ಕಿವಿ ಗರಗಸ ತಿಂದೈತಿ. ನಾ ಹುಬ್ಬ ಏರಿಸಿದರ ಮೊಮ್ಮಕ್ಕಳು ನಗ್ತಾವು. ನನ್ನ ಮಾತು ತಿಳಿಯೂದು ಆ ಮಿಲ್ಲಿನ್ಯಾಗ ಅಷ್ಟ. ಬಿಡ್ತೇನಿ ಅಂದಾಗ ಸಾವಕಾರ್ರು ಒಂದ ಸಲ ಬ್ಯಾಡ ಅಂತಾರ ಅನಕೊಂಡಿದ್ದೆ. ಅವರು ಶಾಲು ತರಾಕ ಮಂದಿ ಕಳಿಸಿದ್ರು."

ಸಿದ್ದಲಿಂಗನಿಗೆ ಇನ್ನು ತಡೆಯಲಾಗಲಿಲ್ಲ. ಜೋರಾಗಿ ಹೇಳಿದ: "ಮೇಸ್ತ್ರಿ, ಮಂದಿ ಅಂದಂಗ ನಾ ಏನೂ ಬಿಟ್ಟುಕೊಟ್ಟಿಲ್ಲ. ಇಂಜೆಕ್ಷನ್ನಿಗೆ ಅರ್ಧ ಮಾರಿ ಸತ್ತಿತ್ತು."

"ಗೊತ್ತೈತಿ."

"ಗೊತ್ತೈತಿ?"

"ಮಾರಿ ಓದೂದ ನನ್ನ ಕೆಲಸ. ನೀ ಮೊದಲನೇ ಸಲ ಕಣ್ಣ ಬಡದಾಗನ ತಿಳೀತು."

"ಮತ್ತ ಯಾಕ ನಿಲ್ಲಸಲಿಲ್ಲ?"

ಮೇಸ್ತ್ರಿ ಡಬ್ಬಿಯ ಮುಚ್ಚಳವನ್ನು ನೋಡಿದ. "ನಾ ಎರಡೂ ಹುಬ್ಬ ಏರಿಸಿದ್ರ ಸಾಕಿತ್ತು, ನದೀಮ ನಿಲ್ಲಸ್ತಿದ್ದ. ಏರಸಲಿಲ್ಲ. ನಿಂದು ನರ ಮಲಗಿತ್ತು, ಬೇಟಾ. ನನ್ನ ನರ ಎದ್ದ ಇತ್ತು." ಡಬ್ಬಿಯನ್ನು ಸುಮಿತಾಳ ಕಡೆ ಸರಿಸಿದ. "ನಿನ್ನ ಮ್ಯಾಲೆ ಮಂದಿ ನಗಬಾರದಂತ ಆ ಸುದ್ದಿ ನದೀಮನ ಕಿವ್ಯಾಗ ಹಾಕಿದವ ನಾನ. ನನ್ನ ಕೈಲೆ ಅಷ್ಟ ಆತು."

ಸಿದ್ದಲಿಂಗನಿಗೆ ಸಿಟ್ಟು ಬಂತು. ಬರಲೇಬೇಕಿತ್ತು. ಈಗ ಮುಖ ಪೂರ್ತಿ ಕೈಗೆ ಸಿಕ್ಕಿದೆ. ಹಣೆಯಿಂದ ಗದ್ದದವರೆಗೆ ಪ್ರತಿಯೊಂದು ಎಳೆಯೂ ಹುಕುಂ ಕಾಯುತ್ತಿದೆ. ಅವನು ಎರಡೂ ಹುಬ್ಬು ಗಂಟಿಕ್ಕಿದ. ಮೇಸ್ತ್ರಿ ಅದನ್ನು ಓದಿ ತಲೆ ಬಾಗಿಸಿದ. ಸುಮಿತಾ ಏನು ಮಾತಾಡುವುದೆಂದು ತಿಳಿಯದೆ ಡಬ್ಬಿ ತೆರೆದು ಒಂದು ಚಮಚ ಶಿರಾವನ್ನು ಗಂಡನ ಕೈಗೆ ಕೊಟ್ಟಳು. ಸಿಟ್ಟಿನಲ್ಲೇ ಬಾಯಿಗೆ ಹಾಕಿಕೊಂಡ.

ನಾಲಿಗೆಯ ಆ ಅರ್ಧವೂ ಎಚ್ಚರವಾಗಿತ್ತು. ತುಪ್ಪ, ಏಲಕ್ಕಿ, ಹುರಿದ ರವೆಯ ಬಿಸಿ ಬಾಯಿಯ ಮೂಲೆಮೂಲೆಗೂ ಹೋಗಿ ಮುಟ್ಟಿತು. ಸಿದ್ದಲಿಂಗ ಸಿಟ್ಟನ್ನು ಹಿಡಿದಿಡಲು ನೋಡಿದ. ಮುಖ ಅವನನ್ನು ಕೇಳಲಿಲ್ಲ. ಎಡ ಬಲ ಎರಡೂ ಕೂಡಿ ನಕ್ಕುಬಿಟ್ಟವು.

"ಸಾಕು, ತಿಳೀತು," ಎಂದ ಮೇಸ್ತ್ರಿ. "ನಿನ್ನ ಉಪಕಾರ ಮರಿಯಂಗಿಲ್ಲ."

ಹೊಸ್ತಿಲು ದಾಟಿದವನು ಮತ್ತೆ ತಿರುಗಿ ನಿಂತ. "ಅಂದಂಗ, ನಾಳೆ ಲಗೂ ಬಾ. ಮುಂಜಾನೆ ಹಿಂದಿನ ತುದ್ಯಾಗ ತಳ್ಳು, ಮಧ್ಯಾಹ್ನ ಕೂತು ಆ ಓರೆ ಹಲಗಿ ಎಲ್ಲಾ ರಂದಾ ಹೊಡದ ಉಜ್ಜಿ ನೆಟ್ಟಗ ಮಾಡು. ಸಾವಕಾರ್ರು ಹೇಳ್ಯಾರ, ಅವು ಮುಗಿಯೂತನಕ ನಿನಗ ಐತವಾರನೂ ಸೂಟಿ ಇಲ್ಲಂತ."